ಸೌದೆ ಸೀಳುವ ಮಷೀನಿಗೆ ಎಂಥ ಬೆಣೆ ಬೇಕು?

ಮೂಡಿಗೆರೆ ಕಡೆ ಮರಗಸಿ (ಕಾಫಿ ತೋಟದ ನೆರಳು ಮರಗಳ ಕೊಂಬೆ ಕಡಿಯುವ ಕೆಲಸ) ಮುಗಿದ ಮೇಲೆ ತೋಟದ ತುಂಬ ದಿಮ್ಮಿ. ಮಳೆ ಹಿಡಿಯುವ ಮುಂಚೆ ಸೀಳಿ ಒಣಗಿಸದಿದ್ದರೆ ಬಚ್ಚಲೊಲೆಯಲ್ಲಿ ಬರೀ ಹೊಗೆ. ಮಷೀನ್ ಕೊಳ್ಳುವವರು ಎಷ್ಟು ಟನ್ ಬಲದ್ದು ಅಂತ ಕೇಳುತ್ತಾರೆ. ನಾನು ಮೊದಲು ಬೆಣೆ ನೋಡಿ ಅನ್ನುತ್ತೇನೆ.

ನಮ್ಮಲ್ಲಿ ಜಾಸ್ತಿ ಸಿಗುವುದು ಸಿಲ್ವರ್ ಓಕ್. ಎಳೆ ನೇರ, ಗಂಟು ಕಡಿಮೆ. ಅದಕ್ಕೆ ನಾಲ್ಕು ಹೋಳು ಮಾಡುವ ಬೆಣೆ ಹಾಕಿ, ಒಂದೇ ಸಲಕ್ಕೆ ಕೆಲಸ ಮುಗಿಯುತ್ತದೆ. ಕಿತ್ತ ಹಳೇ ಕಾಫಿ ಬೊಡ್ಡೆ, ಹಲಸಿನ ಕವಲು ಹಾಗಲ್ಲ. ಎಳೆ ತಿರುಚಿಕೊಂಡಿರುತ್ತದೆ. ನಾಲ್ಕರ ಬೆಣೆಗೆ ಬಲ ಜಾಸ್ತಿ ಬೇಕು, ದಿಮ್ಮಿ ಅರ್ಧಕ್ಕೇ ಕಚ್ಚಿಕೊಂಡು ನಿಲ್ಲುತ್ತದೆ. ಅಲ್ಲಿ ಒಂಟಿ ಬೆಣೆಯೇ ಸರಿ. ನಮ್ಮ ತೋಟಗಳಲ್ಲಿ ಎರಡೂ ಥರದ ಮರ ಇರುತ್ತದಲ್ವಾ? ಹಾಗಾಗಿ ಒಂಟಿ ಬೆಣೆಯ ಮೇಲೆ ನಾಲ್ಕರದನ್ನು ತೊಡಿಸಿ ತೆಗೆಯುವಂಥದ್ದನ್ನೇ ಕೇಳಿ.

ಬೆಣೆಯನ್ನು ಪಕ್ಕದಿಂದ ನೋಡಿ. ಬಾಯಿ ತೆಳ್ಳಗಿದ್ದು, ಹಿಂದೆ ಹೋದಂತೆ ಅಗಲವಾಗಬೇಕು. ತೆಳು ಬಾಯಿ ಮರಕ್ಕೆ ಇಳಿಯುತ್ತದೆ, ಅಗಲ ಭಾಗ ಬಿರುಕನ್ನು ಬಿಡಿಸುತ್ತದೆ. ಉದ್ದಕ್ಕೂ ತೆಳುವಾಗಿದ್ದರೆ ಸುಮ್ನೆ ಒಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಬುಡದ ವೆಲ್ಡಿಂಗನ್ನು ಬೆರಳಲ್ಲಿ ಸವರಿ ನೋಡಿ, ತೂತು, ಬಿರುಕು ಇರಬಾರದು.

ಕೈಯಲ್ಲಿ ಹೊಡೆಯುವ ಬೆಣೆಯಾದರೆ ತಲೆ ನೋಡಿಕೊಳ್ಳಿ. ಸುತ್ತಿಗೆ ಏಟಿಗೆ ಅದು ಅಣಬೆಯಂತೆ ಅರಳಿದ್ದರೆ ಚೂರು ಸಿಡಿದು ಕಣ್ಣಿಗೆ ಬೀಳಬಹುದು. ಗ್ರೈಂಡರ್‌ನಲ್ಲಿ ಉಜ್ಜಿಸಿ, ಕಣ್ಣಿನ ರಕ್ಷಣೆಯ ಕನ್ನಡಕ ಹಾಕಿಕೊಂಡೇ ಹೊಡೆಯಿರಿ.