ಮೊದಲ ಮ್ಯಾರಥಾನ್: ನಿಧಾನಕ್ಕೆ ಓಡಲು ಕಲಿಯಿರಿ, ಮುಗಿಸುತ್ತೀರಿ

ಯಾವುದೇ ಮ್ಯಾರಥಾನಿನಲ್ಲಿ 32ನೇ ಕಿಲೋಮೀಟರ್ ಫಲಕದ ಬಳಿ ಒಂದು ಗಂಟೆ ನಿಂತು ನೋಡಿ. ಮೀನಖಂಡ ಹಿಡಿದುಕೊಂಡು ರಸ್ತೆಬದಿ ಕೂತವರು, ಕಾಲೆಳೆದುಕೊಂಡು ನಡೆಯುವವರು, ಇನ್ನೆಷ್ಟು ದೂರ ಎಂದು ಸ್ವಯಂಸೇವಕರನ್ನು ಕೇಳುವವರು ಸಾಲುಸಾಲಾಗಿ ಸಿಗುತ್ತಾರೆ. ಇವರಲ್ಲಿ ಹೆಚ್ಚಿನವರು ತಿಂಗಳುಗಟ್ಟಲೆ ಬೆಳಗಿನ ನಿದ್ದೆ ಬಿಟ್ಟು ಅಭ್ಯಾಸ ಮಾಡಿದವರೇ. ದಮ್ಮಿಗೂ ಛಲಕ್ಕೂ ಕೊರತೆ ಇರಲಿಲ್ಲ. ಮೊದಲ ಹತ್ತು ಕಿಲೋಮೀಟರನ್ನು ಬೇಗ ಓಡಿಬಿಟ್ಟಿದ್ದರು, ಅಷ್ಟೆ. ಪ್ರತಿ ಓಟದಲ್ಲೂ ಇದೇ ದೃಶ್ಯ ಕಂಡು ಸಂಕಟವಾಗುತ್ತದೆ. ಅದಕ್ಕೇ ಈ ಲೇಖನದಲ್ಲಿ ವೇಗದ ಮಾತು ಹೆಚ್ಚು, ಮಿಕ್ಕದ್ದು ಕಡಿಮೆ.

42.195 ಕಿಲೋಮೀಟರ್ ದೂರ ಮೊದಲು ಬಳಕೆಗೆ ಬಂದದ್ದು 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ, ಅಧಿಕೃತವಾದದ್ದು 1921ರಲ್ಲಿ. ಲಂಡನ್ನಿನ ಆ ಓಟದಲ್ಲಿ ಇಟಲಿಯ ಡೊರಾಂಡೊ ಪಿಯೆಟ್ರಿ ಎಲ್ಲರಿಗಿಂತ ಮೊದಲು ಕ್ರೀಡಾಂಗಣಕ್ಕೆ ಬಂದರು. ಅಲ್ಲಿ ಮತ್ತೆ ಮತ್ತೆ ಕುಸಿದರು. ಅಧಿಕಾರಿಗಳು ಹಿಡಿದೆತ್ತಿ ಗೆರೆ ದಾಟಿಸಿದ್ದರಿಂದ ಪದಕ ಕೈತಪ್ಪಿತು. ಈ ದೂರ ಅಂದಿನಿಂದಲೂ ಕೊನೆಯ ಭಾಗದಲ್ಲೇ ಲೆಕ್ಕ ಕೇಳುತ್ತದೆ.

1. ಹೆಸರು ನೋಂದಾಯಿಸುವ ಮೊದಲು

ಒಂದು ವರ್ಷದಿಂದ ವಾರಕ್ಕೆ ಮೂರು ನಾಲ್ಕು ದಿನ ಓಡುತ್ತಿದ್ದೀರಾ? ಒಂದಾದರೂ ಹಾಫ್ ಮ್ಯಾರಥಾನ್ (ಸುಮಾರು 21 ಕಿಲೋಮೀಟರ್) ಮುಗಿಸಿದ್ದೀರಾ? ಎರಡಕ್ಕೂ ಹೌದು ಎನ್ನುವವರಿಗೆ 16ರಿಂದ 20 ವಾರಗಳ ತಯಾರಿ ಸಾಕು. ಇಲ್ಲದಿದ್ದರೆ ಈ ವರ್ಷ ಹಾಫ್ ಓಡಿ, ಫುಲ್ ಮುಂದಿನ ವರ್ಷಕ್ಕಿರಲಿ. ಹೃದಯ, ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಪಳಗುತ್ತವೆ. ಮೂಳೆಗೆ, ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಉಸಿರು ಸಲೀಸಾಗಿದೆಯಲ್ಲ ಎಂದು ದೂರ ಏರಿಸುತ್ತಾ ಹೋದವರ ಮೊಣಕಾಲ ಕೆಳಗಿನ ಮೂಳೆ ಮಾತಾಡತೊಡಗುವುದು ಈ ಅಂತರದಿಂದಲೇ. ಎದೆನೋವು, ತಲೆಸುತ್ತು, ರಕ್ತದೊತ್ತಡ, ಮಧುಮೇಹ, ಮನೆತನದಲ್ಲಿ ಹೃದ್ರೋಗ, ಇವುಗಳಲ್ಲಿ ಯಾವುದಿದ್ದರೂ ಮೊದಲು ವೈದ್ಯರನ್ನು ಕಾಣಿ.

2. ವಾರದ ಪಟ್ಟಿ

ನಾಲ್ಕು ದಿನ ಓಟ: ಎರಡು ಸುಲಭದ್ದು, ಒಂದು ಸ್ವಲ್ಪ ಬಿರುಸಿನದು, ಒಂದು ಲಾಂಗ್ ರನ್ (ವಾರದ ಅತಿ ಉದ್ದದ ಓಟ). ಎರಡು ದಿನ ಇಪ್ಪತ್ತು ನಿಮಿಷದ ಕಾಲಿನ ವ್ಯಾಯಾಮ. ಮೂರು ವಾರ ದೂರ ಏರಿಸಿ, ನಾಲ್ಕನೇ ವಾರ ಇಳಿಸಿ. ಜ್ವರ ಬಂದೋ ಕೆಲಸ ಬಿದ್ದೋ ಒಂದು ವಾರ ತಪ್ಪಿದರೆ ಅದನ್ನು ಮುಂದಿನ ವಾರಕ್ಕೆ ಸೇರಿಸಿ ತೀರಿಸಲು ಹೋಗಬೇಡಿ. ತಪ್ಪಿದ್ದು ತಪ್ಪಿತು, ಮುಂದಿನ ಪುಟಕ್ಕೆ ಹೋಗಿ.

3. ಲಾಂಗ್ ರನ್: ಕೆಡುವುದು ಇಲ್ಲಿಂದಲೇ

ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ದೇಹ ಕೂಡಿಟ್ಟುಕೊಳ್ಳುವ ಶಕ್ತಿ ಸುಮಾರು 2000 ಕ್ಯಾಲೊರಿ. ಓಡುವುದಕ್ಕೆ ಒಂದು ಕಿಲೋ ತೂಕಕ್ಕೆ, ಒಂದು ಕಿಲೋಮೀಟರಿಗೆ ಹೆಚ್ಚುಕಡಿಮೆ ಒಂದು ಕ್ಯಾಲೊರಿ ಬೇಕು. 65 ಕಿಲೋ ತೂಗುವವರಿಗೆ ಇಡೀ ಮ್ಯಾರಥಾನಿಗೆ 2700 ದಾಟಿತು. ಕೊರತೆಯನ್ನು ಕೊಬ್ಬು ತುಂಬಬೇಕು, ಇಲ್ಲವೇ ದಾರಿಯಲ್ಲಿ ತಿಂದದ್ದು ತುಂಬಬೇಕು. ನಿಧಾನಕ್ಕೆ ಓಡಿದಷ್ಟೂ ಕೊಬ್ಬಿನ ಪಾಲು ಹೆಚ್ಚು. ವೇಗ ಏರಿದ ಹಾಗೆಲ್ಲ ಗ್ಲೈಕೋಜನ್ ಬೇಗ ಕರಗುತ್ತದೆ. 30-35 ಕಿಲೋಮೀಟರಿನ ಆಸುಪಾಸಿನಲ್ಲಿ ಅನೇಕರ ಕಾಲು ಸೀಸದಂತಾಗುವುದಕ್ಕೆ ಮುಖ್ಯ ಕಾರಣ ಇದು. ಲಾಂಗ್ ರನ್ ಇರುವುದು ಕೊಬ್ಬು ಉರಿಸುವ ಈ ವ್ಯವಸ್ಥೆಯನ್ನು ಬಲಪಡಿಸಲಿಕ್ಕೆ, ಗಂಟೆಗಟ್ಟಲೆ ಪೆಟ್ಟು ತಾಳುವುದನ್ನು ಕಾಲಿಗೆ ಕಲಿಸಲಿಕ್ಕೆ. ವೇಗ ತೋರಿಸಲಿಕ್ಕಲ್ಲ.

ಹಾಗಾದರೆ ಎಷ್ಟು ನಿಧಾನ? ಪಕ್ಕದವರ ಜೊತೆ ಹತ್ತು ಹನ್ನೆರಡು ಪದಗಳ ಪೂರ್ತಿ ವಾಕ್ಯವೊಂದನ್ನು ನಡುವೆ ಉಸಿರೆಳೆಯದೆ ಹೇಳುವಷ್ಟು. ಅಂಕಿ ಬೇಕೆಂದರೆ, ಓಟದ ದಿನದ ಗುರಿಗಿಂತ ಕಿಲೋಮೀಟರಿಗೆ 30ರಿಂದ 90 ಸೆಕೆಂಡು ನಿಧಾನ. ಏರು ಬಂದರೆ ಇನ್ನೂ ನಿಧಾನ. ಮಾತು ಕಟ್ಟಿದರೆ ನಡೆಯಿರಿ. 220ರಿಂದ ವಯಸ್ಸು ಕಳೆದು ಎದೆಬಡಿತದ ಮಿತಿ ಹಾಕಿಕೊಳ್ಳುವವರಿದ್ದಾರೆ. ಆ ಸೂತ್ರದಿಂದ ಸಿಗುವುದು ಸರಾಸರಿ. ಒಬ್ಬೊಬ್ಬರಲ್ಲಿ ಹತ್ತು ಹದಿನೈದು ಬಡಿತ ಆಚೀಚೆ ಇರಬಹುದು. ಮಾತಿನ ಪರೀಕ್ಷೆಯನ್ನೇ ನಂಬಿ.

ಈ ನಿಧಾನವನ್ನು ಕೆಡಿಸುವುದು ಬಹುಪಾಲು ಗುಂಪು. ನಿಮಗಿಂತ ಚುರುಕಾದ ನಾಲ್ವರ ಜೊತೆ ಹೊರಟರೆ ಐದನೇ ಕಿಲೋಮೀಟರಿನಲ್ಲಿ ಮಾತು ನಿಲ್ಲುತ್ತದೆ, ಹದಿನೈದರಲ್ಲಿ ಎಲ್ಲರೂ ಏದುಸಿರು ಬಿಡುತ್ತಿರುತ್ತಾರೆ. ವಾರ ವಾರವೂ ಲಾಂಗ್ ರನ್ನನ್ನೇ ಪಂದ್ಯ ಮಾಡಿಕೊಂಡವರು ನಿಜವಾದ ಪಂದ್ಯಕ್ಕೆ ಬಳಲಿಯೇ ಬರುತ್ತಾರೆ. ಒಬ್ಬರೇ ಓಡಿ, ಇಲ್ಲವೇ ನಿಮಗಿಂತ ನಿಧಾನದವರ ಜೊತೆ ಓಡಿ. ಓಟದ ಆ್ಯಪ್‌ನಲ್ಲಿ ಪೇಸ್ (ಕಿಲೋಮೀಟರಿಗೆ ಹಿಡಿದ ಸಮಯ) ಹಾಕಿ ಮೆಚ್ಚುಗೆ ಎಣಿಸುವ ಅಭ್ಯಾಸವಿದ್ದರೆ ಈ ನಾಲ್ಕು ತಿಂಗಳು ಬದಿಗಿಡಿ. ಎರಡು ದಿನ ಕಳೆದ ಮೇಲೂ ಐದು ಕಿಲೋಮೀಟರ್ ಹಗುರಾಗಿ ಓಡಲಾಗದಿದ್ದರೆ ಆ ಲಾಂಗ್ ರನ್ ಜೋರಾಯಿತು ಎಂದೇ ತಿಳಿಯಿರಿ.

ದೂರ 28ರಿಂದ 32 ಕಿಲೋಮೀಟರಿಗೆ ಸಾಕು, ಅದೂ ಎರಡು ಮೂರು ಬಾರಿ. ಮೂರೂವರೆ ಗಂಟೆ ಆಯಿತೆಂದರೆ ದೂರ ಎಷ್ಟೇ ಆಗಿರಲಿ, ನಿಲ್ಲಿಸಿ. 42 ಒಮ್ಮೆ ಓಡಿ ನೋಡಿಬಿಡೋಣ ಎಂಬ ಆಸೆ ಬೇಡ. ಚೇತರಿಸಿಕೊಳ್ಳಲು ವಾರಗಳೇ ಹಿಡಿಯುತ್ತವೆ, ಸಿಗುವುದು ಸ್ವಲ್ಪ.

ಇಷ್ಟು ಹೊತ್ತು ನಿಲ್ಲದೆ ಓಡಲಾಗದವರು ಓಟ-ನಡಿಗೆ ಬೆರೆಸಿ. 1972ರ ಒಲಿಂಪಿಕ್ಸ್‌ನಲ್ಲಿ ಓಡಿದ ಅಮೆರಿಕದ ಜೆಫ್ ಗ್ಯಾಲೋವೇ ಹವ್ಯಾಸಿಗಳಲ್ಲಿ ಜನಪ್ರಿಯಗೊಳಿಸಿದ ಕ್ರಮ ಇದು. ನಾಲ್ಕು ನಿಮಿಷ ಓಡಿ ಒಂದು ನಿಮಿಷ ನಡೆಯಿರಿ, ಆದರೆ ಮೊದಲ ಕಿಲೋಮೀಟರಿನಿಂದಲೇ. ಸುಸ್ತಾದ ಮೇಲೆ ಶುರುಮಾಡುವ ನಡಿಗೆ ಕೊನೆಯವರೆಗೂ ನಡಿಗೆಯಾಗಿಯೇ ಉಳಿಯುತ್ತದೆ.

ನೋವಿನ ವಿಚಾರ: ಎರಡೂ ಕಾಲಿನಲ್ಲಿ ಸಮನಾಗಿದ್ದು ಎರಡು ದಿನಕ್ಕೆ ಇಳಿಯುವ ನೋವು ಅಭ್ಯಾಸದ್ದು. ಒಂದೇ ಕಡೆ, ಬೆರಳಿಟ್ಟು ತೋರಿಸಬಹುದಾದಷ್ಟು ಜಾಗದಲ್ಲಿ, ರಾತ್ರಿ ಮಲಗಿದಾಗಲೂ ಇರುವ ನೋವಾದರೆ ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಮೂಳೆಯಲ್ಲಿ ಕೂದಲೆಳೆಯ ಬಿರುಕಿರಬಹುದು.

4. ಶೂ, ಬಟ್ಟೆ

ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗವಿರುವ, ಎರಡು ಲಾಂಗ್ ರನ್ ಆದರೂ ಕಂಡ ಶೂ ಹಾಕಿ. ಹೊಸ ಜೋಡಿ ಓಟದ ದಿನ ಬೇಡವೇ ಬೇಡ. ಅಟ್ಟೆಯೊಳಗೆ ಕಾರ್ಬನ್ ನಾರಿನ ಹಾಳೆ ಇರುವ ದುಬಾರಿ ಶೂಗಳ ಜಾಹೀರಾತಿಗೆ ಮರುಳಾಗುವ ಅಗತ್ಯವಿಲ್ಲ. ಅವು ವೇಗದ ಓಟಗಾರರಿಗೆ ನಿಮಿಷಗಳನ್ನು ಉಳಿಸುತ್ತವೆ ನಿಜ, ಐದು ಗಂಟೆ ಓಡುವವರಿಗೆ ಹಿಮ್ಮಡಿ ಅಲುಗಾಡದ ಸಾಧಾರಣ ಶೂವೇ ಮೇಲು. ಹತ್ತಿಯ ಟೀ ಶರ್ಟ್, ಹತ್ತಿಯ ಸಾಕ್ಸ್ ಬೆವರು ಕುಡಿದು ಚರ್ಮ ಕೀಳುತ್ತವೆ. ತೊಡೆಸಂದಿಗೆ, ಕಂಕುಳಿಗೆ ಪೆಟ್ರೋಲಿಯಂ ಜೆಲ್ಲಿ. ಗಂಡಸರು ಮೊಲೆತೊಟ್ಟಿಗೆ ಪಟ್ಟಿ.

5. ಜೆಲ್, ನೀರು, ಮಾತ್ರೆ

ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಓಡುತ್ತಲೇ ನುಂಗಬಹುದಾದ ಸಕ್ಕರೆಯ ಮಂದ ಪಾಕದ ಪೊಟ್ಟಣವೇ ಜೆಲ್. ಸಾಮಾನ್ಯವಾಗಿ ಒಂದು ಜೆಲ್‌ನಲ್ಲಿ 20-25 ಗ್ರಾಂ ಇರುತ್ತದೆ. ಓಟ ಶುರುವಾದ 40ನೇ ನಿಮಿಷಕ್ಕೆ ಮೊದಲನೆಯದು, ಆಮೇಲೆ ಪ್ರತಿ 35-40 ನಿಮಿಷಕ್ಕೆ ಒಂದು, ನೀರಿನ ಜೊತೆ. ಬಳಲಿಕೆ ಬಂದ ಮೇಲೆ ತಿಂದರೆ ತಡವಾಯಿತು. ಲಾಂಗ್ ರನ್‌ಗಳಲ್ಲೇ ಹೊಟ್ಟೆಗೆ ಇದನ್ನು ರೂಢಿ ಮಾಡಿಸಿ. ದಾರಿಯಲ್ಲಿ ಯಾರೋ ಕೊಟ್ಟ ಹೊಸ ಬ್ರ್ಯಾಂಡಿನ ಜೆಲ್ ಬಾಯಿಗಿಡಬೇಡಿ. ನೀರಲ್ಲಿ ಕರಗಿಸುವ ಎಲೆಕ್ಟ್ರೋಲೈಟ್ ಮಾತ್ರೆಗಳನ್ನು ಶಕ್ತಿ ಎಂದುಕೊಂಡು ಜೆಲ್ ಬಿಟ್ಟವರನ್ನು ಕಂಡಿದ್ದೇನೆ. ಅವುಗಳಲ್ಲಿ ಹೆಚ್ಚಿನವುಗಳಲ್ಲಿರುವುದು ಲವಣ, ಸಕ್ಕರೆ ಇಲ್ಲವೆನ್ನುವಷ್ಟು. ಚೀಟಿ ಓದಿ ಕೊಳ್ಳಿ.

ನೀರು ಬಾಯಾರಿದಷ್ಟು ಕುಡಿಯಿರಿ, ಹೆಚ್ಚು ಬೇಡ. ಅತಿಯಾದ ನೀರು ರಕ್ತದ ಸೋಡಿಯಂ ಅನ್ನು ಅಪಾಯದ ಮಟ್ಟಕ್ಕೆ ಇಳಿಸಬಹುದು. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ಶೇ 13 ಜನರಲ್ಲಿ ಸೋಡಿಯಂ ಇರಬೇಕಾದ್ದಕ್ಕಿಂತ ಕಡಿಮೆಯಿತ್ತು. ಓಡುತ್ತಾ ಓಡುತ್ತಾ ತೂಕ ಏರುವಷ್ಟು ಕುಡಿದವರಲ್ಲಿ ಈ ಅಪಾಯ ಹೆಚ್ಚಾಗಿತ್ತು. ನಿಧಾನ ಓಡುವವರಿಗೆ ಪ್ರತಿ ನೀರಿನ ಮೇಜಿನ ಬಳಿ ನಿಲ್ಲಲು ಸಮಯವಿರುತ್ತದೆ, ಅವರೇ ಹೆಚ್ಚು ಎಚ್ಚರವಿರಬೇಕು. ಓಟಕ್ಕೆ ಮೊದಲು ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗುವುದು ಮೂತ್ರಪಿಂಡಕ್ಕೆ ಅಪಾಯ. ಮಾತ್ರೆ ಇಲ್ಲದೆ ಹೊರಡಲಾಗದಷ್ಟು ನೋವಿದ್ದರೆ ಹೊರಡಲೇಬೇಡಿ.

6. ಕೊನೆಯ ಮೂರು ವಾರ

ಕೊನೆಯ ದೊಡ್ಡ ಓಟ ಮೂರು ವಾರ ಮೊದಲೇ ಮುಗಿಯಲಿ. ಕೊನೆಯ ಎರಡು ವಾರ ದೂರವನ್ನು ಅರ್ಧದಷ್ಟಕ್ಕೆ ಇಳಿಸಿ, ಚೂರು ಬಿರುಸು ಉಳಿಸಿಕೊಳ್ಳಿ. ಕಾಲು ಭಾರ ಎನಿಸುತ್ತದೆ, ಇಲ್ಲದ ನೋವು ಕಾಣುತ್ತದೆ. ಗಾಬರಿಬಿದ್ದು ಇನ್ನೊಂದು 25 ಓಡಿಬಿಡಬೇಡಿ. ಕೊನೆಯ ಎರಡು ದಿನ ಪಿಷ್ಟದ ಆಹಾರ ಹೆಚ್ಚಿಸಿ. ಪ್ರತಿ ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಸೇರುವುದರಿಂದ ತೂಕ ಒಂದು ಕಿಲೋ ಏರಿದರೆ ಅದು ಒಳ್ಳೆಯ ಸುದ್ದಿ.

7. ಗುರಿ ಕಟ್ಟಿಕೊಳ್ಳುವ ಲೆಕ್ಕ

ಇತ್ತೀಚಿನ ಹಾಫ್ ಮ್ಯಾರಥಾನ್ ಸಮಯವನ್ನು ಎರಡರಿಂದ ಗುಣಿಸಿ 20 ನಿಮಿಷ ಸೇರಿಸಿ. 2 ಗಂಟೆ 15 ನಿಮಿಷದವರಿಗೆ 4 ಗಂಟೆ 50 ನಿಮಿಷ, ಅಂದರೆ ಕಿಲೋಮೀಟರಿಗೆ 6 ನಿಮಿಷ 52 ಸೆಕೆಂಡು. ಬಿಸಿಲಿನ ದಿನವಾದರೆ ಗೆರೆಯ ಮೇಲೆ ನಿಂತಾಗಲೇ ಕಿಲೋಮೀಟರಿಗೆ ಇನ್ನೂ ಹದಿನೈದು ಸೆಕೆಂಡು ಬಿಟ್ಟುಕೊಡಿ. ಗೆಳೆಯರ ಸಮಯ, ದುಂಡನೆಯ ಅಂಕಿ, ಇವೆರಡೂ ಗುರಿಯಾಗಬಾರದು.

ಗಡಿಯಾರದ ಜಿಪಿಎಸ್ ಇಲ್ಲಿ ಮೋಸ ಮಾಡುತ್ತದೆ. ಮ್ಯಾರಥಾನ್ ದಾರಿಯನ್ನು ಅಳೆಯುವುದು ತಿರುವುಗಳ ಒಳ ಅಂಚಿನ ಅತಿ ಕಿರಿದಾದ ಗೆರೆಯಲ್ಲಿ. ಕಡಿಮೆ ಬೀಳದಿರಲೆಂದು ಕಿಲೋಮೀಟರಿಗೆ ಒಂದು ಮೀಟರ್ ಸೇರಿಸುತ್ತಾರೆ. ಗುಂಪಿನಲ್ಲಿ ಓಡುವ ನಮಗೆ ಆ ಗೆರೆ ಸಿಗುವುದಿಲ್ಲ. ಕೊನೆಗೆ ಗಡಿಯಾರ 42.6 ತೋರಿಸಿದರೆ, ಅದರ ಪೇಸ್ ನಂಬಿದವರು ಸುಮಾರು ಮೂರು ನಿಮಿಷ ತಡವಾಗಿರುತ್ತಾರೆ. ಕೊನೆಯಲ್ಲಿ ಆ ಮೂರು ನಿಮಿಷಕ್ಕಾಗಿ ಒದ್ದಾಡುವ ಬದಲು ರಸ್ತೆಬದಿಯ ಫಲಕಗಳನ್ನೇ ನೋಡಿ. ನೀವು ಆರಂಭದ ಗೆರೆ ದಾಟಿದಾಗ ಗಡಿಯಾರ ಶುರುಮಾಡಿ, 10, 21, 30ನೇ ಕಿಲೋಮೀಟರಿನಲ್ಲಿ ಎಷ್ಟಾಗಿರಬೇಕೆಂದು ಮುಂಗೈಮೇಲೆ ಬರೆದುಕೊಳ್ಳಿ.

8. ಓಟದ ದಿನ

ಮೊದಲ ಐದು ಕಿಲೋಮೀಟರ್ ಗುರಿಗಿಂತ ಕಿಲೋಮೀಟರಿಗೆ ಹತ್ತು ಹದಿನೈದು ಸೆಕೆಂಡು ನಿಧಾನ. ಇದು ಹೇಳಿದಷ್ಟು ಸುಲಭವಲ್ಲ. ವಾರಗಟ್ಟಲೆ ವಿಶ್ರಾಂತಿ ಪಡೆದ ಕಾಲು, ಸಂಗೀತ, ಚಪ್ಪಾಳೆ, ಸುತ್ತ ಸಾವಿರಾರು ಜನ. ಬೇಗ ಓಡುತ್ತಿದ್ದೇನೆಂಬುದೇ ತಿಳಿಯದಷ್ಟು ಹಗುರಾಗಿರುತ್ತದೆ ಮೈ. ಅದಕ್ಕೇ ನಿಮ್ಮ ವೇಗಕ್ಕೆ ತಕ್ಕ ಗುಂಪಿನ ಹಿಂಭಾಗದಲ್ಲಿ ನಿಲ್ಲಿ. ಸಂದಿಯಲ್ಲಿ ನುಸುಳಿ ಮುಂದೆ ಹೋಗಬೇಡಿ. ಆ ನುಸುಳುವಿಕೆಗೆ ದೂರವೂ ಹೆಚ್ಚು, ಶಕ್ತಿಯೂ ಹೆಚ್ಚು. ಜನ ನಿಮ್ಮನ್ನು ದಾಟಿ ಹೋಗುತ್ತಲೇ ಇರುತ್ತಾರೆ. ಹೋಗಲಿ.

ಈಗ ಗಳಿಸಿಕೊಂಡರೆ ಆಮೇಲೆ ಒದಗುತ್ತದೆ ಎಂಬ ಲೆಕ್ಕ ಹಾಕುವವರು ಇದನ್ನು ನೋಡಲಿ. ಮೊದಲ ಹತ್ತು ಕಿಲೋಮೀಟರನ್ನು ಹತ್ತು ಹತ್ತು ಸೆಕೆಂಡು ಬೇಗ ಓಡಿದರೆ ಉಳಿಯುವುದು 100 ಸೆಕೆಂಡು. ಅದರ ಫಲವಾಗಿ ಕೊನೆಯ ಹತ್ತನ್ನು ಕಿಲೋಮೀಟರಿಗೆ ಹತ್ತು ನಿಮಿಷದಂತೆ ನಡೆಯಬೇಕಾಗಿ ಬಂದರೆ, 6 ನಿಮಿಷ 52 ಸೆಕೆಂಡಿನ ಗುರಿಯವರಿಗೆ ಹೋಗುವುದು 31 ನಿಮಿಷ. ಕೆನ್ಯಾದ ಕೆಲ್ವಿನ್ ಕಿಪ್ಟಮ್ 2023ರಲ್ಲಿ ಶಿಕಾಗೋದಲ್ಲಿ 2 ಗಂಟೆ 35 ಸೆಕೆಂಡಿನ ವಿಶ್ವದಾಖಲೆ ಮಾಡಿದಾಗಲೂ ಮೊದಲ ಅರ್ಧ 60 ನಿಮಿಷ 48 ಸೆಕೆಂಡು, ಎರಡನೆಯದು 59 ನಿಮಿಷ 47 ಸೆಕೆಂಡು. ಹವ್ಯಾಸಿಗಳ ಫಲಿತಾಂಶಗಳನ್ನು ಪರಿಶೀಲಿಸಿದ ಅಧ್ಯಯನಗಳಲ್ಲೂ ಎರಡನೇ ಅರ್ಧದಲ್ಲಿ ಪುರುಷರ ವೇಗ ಮಹಿಳೆಯರಿಗಿಂತ ಹೆಚ್ಚು ಕುಸಿದಿರುವುದು ಕಾಣುತ್ತದೆ. ಗಂಡಸರು ಈ ಸಾಲನ್ನು ಎರಡು ಸಲ ಓದಬೇಕೆಂದು ನನ್ನ ಕೋರಿಕೆ.

ಐದರಿಂದ ಇಪ್ಪತ್ತೊಂದರವರೆಗೆ ಗುರಿಯ ವೇಗ. ಇನ್ನೂ ಬೇಗ ಓಡಬಲ್ಲೆ ಎನಿಸುತ್ತಿದ್ದರೆ ಎಲ್ಲ ಸರಿಯಾಗಿದೆ. 21 ದಾಟಿದ ಮೇಲೆ ಅದೇ ವೇಗಕ್ಕೆ ಹೆಚ್ಚು ಶ್ರಮ ಬೇಕಾಗುತ್ತದೆ, ಜೆಲ್ ಬೇಡವೆನಿಸುತ್ತದೆ. ಹೊಟ್ಟೆ ತೊಳಸದಿದ್ದರೆ ಸಮಯಕ್ಕೆ ತಿನ್ನಿ. 32ರ ಫಲಕ ಬಂದ ಮೇಲೆ ಮಾತ್ರ ಕಾಲನ್ನು ಕೇಳಿ. ಇದೆ ಎಂದರೆ ಕಿಲೋಮೀಟರಿಗೆ ಐದು ಸೆಕೆಂಡು ಏರಿಸಿ. ಇಲ್ಲವೆಂದರೆ ಒಂದೊಂದೇ ಫಲಕಕ್ಕೆ ಓಡಿ, ನೀರಿನ ಮೇಜಿನ ಬಳಿ ಮಾತ್ರ ನಡೆಯಿರಿ.

ಎದೆನೋವು, ತಲೆಸುತ್ತು, ಗೊಂದಲ, ಬಿಸಿಲಲ್ಲೂ ಚಳಿ, ಕುಂಟುವಂತೆ ಮಾಡುವ ನೋವು: ಇವುಗಳಲ್ಲಿ ಒಂದು ಬಂದರೂ ನಿಂತು ವೈದ್ಯಕೀಯ ಸಿಬ್ಬಂದಿಯನ್ನು ಕರೆಯಿರಿ, ಗೆರೆ ಐನೂರು ಮೀಟರಿನಲ್ಲಿ ಕಾಣುತ್ತಿದ್ದರೂ.

9. ಮುಗಿದ ಮೇಲೆ

ಥಟ್ಟನೆ ಕೂರಬೇಡಿ, ಹತ್ತು ನಿಮಿಷ ನಡೆದಾಡಿ. ಒಣ ಬಟ್ಟೆ ಹಾಕಿ, ಒಂದು ಗಂಟೆಯೊಳಗೆ ಊಟ ಮಾಡಿ. ಎರಡು ವಾರ ಬಿರುಸಿನ ಓಟ ಬೇಡ; ಮುಂದಿನ ಮ್ಯಾರಥಾನಿಗೆ ಹೆಸರು ಕೊಡುವ ಮಾತೂ ಅದಾದ ಮೇಲೆಯೇ.