ಜೆರಾಕ್ಸ್ ಅಂಗಡಿಯ ಮೂರು ಸಾಲು: ನನ್ನ ಅನುಭವ

ಎರಡು ವರ್ಷ "ಇದೆಲ್ಲಾ ಆಗೋ ಹೋಗೋ ಕೆಲ್ಸ ಅಲ್ಲ ಬಿಡ್ರೀ" ಅಂತ ಅನ್ನಿಸ್ಕೊಂಡಿದೀನಿ, ಈಗ ಆಗಿದೆ, ಅದಕ್ಕೇ ಬರೀತಿದೀನಿ. ಮೈಸೂರಲ್ಲಿ ಸರಸ್ವತಿಪುರಂ ಕಡೆ ನಂದೊಂದು ಜೆರಾಕ್ಸ್ ಅಂಗಡಿ. ಬೆಳಿಗ್ಗೆ ಕಣ್ಣಿಗೆ ಬಿದ್ದಿದ್ದು ಏನೋ ಒಂದನ್ನ ಮೂರೇ ಸಾಲಲ್ಲಿ ಚಾಕ್‌ಪೀಸಲ್ಲಿ ಬೋರ್ಡ್ ಮೇಲೆ ಬರೀತೀನಿ. ಬಂದೋರು ಅದನ್ನ ಓದ್ಬೇಕು, ಇಷ್ಟೇ ಕೆಲಸ. ನಿಮ್ಮಲ್ಲೂ ದಿನಾ ಸ್ಟೇಟಸ್ ಹಾಕೋರು, ಅಪಾರ್ಟ್‌ಮೆಂಟ್ ನೋಟಿಸ್ ಬೋರ್ಡಲ್ಲಿ ಬರೆಯೋರು ಇದೀರಲ್ಲ, ನಿಮಗೆ ಹೇಗೆ ಶುರು ಮಾಡೋದು ಅಂತೆಲ್ಲಾ ಹೇಳಬೇಕಿಲ್ಲ. ನಾನು ಎಲ್ಲೆಲ್ಲಿ ಬಿದ್ದೆ ಅಂತ ಹೇಳ್ತೀನಿ.

ಮೊದಲು ಎಲ್ಲರ ಹಾಗೆ ಸುಭಾಷಿತ, ವಚನ ಅಂತ ಬರೆದೆ. ಮೂರು ತಿಂಗಳಲ್ಲಿ ಒಬ್ರೇ ಒಬ್ರು ಮಾತಾಡಿಸಿದ್ದು, ರಿಟೈರ್ಡ್ ಮೇಷ್ಟ್ರು, ಅದೂ ವಚನದಲ್ಲಿ ಒಂದು ಒತ್ತು ತಪ್ಪಿದೆ ಅಂತ ಹೇಳೋಕೆ. ಜನಕ್ಕೆ ಶುಭೋದಯದ ಜೊತೆ ಬೆಳಿಗ್ಗೆನೇ ವಾಟ್ಸಾಪಲ್ಲಿ ಐವತ್ತು ಸುಭಾಷಿತ ಬಂದಿರುತ್ತೆ, ನಂದು ಐವತ್ತೊಂದನೇದು.

ಆಮೇಲೆ ಬುದ್ಧಿ ಓಡಿಸಿ ಎಲ್‌ಇಡಿ ಓಡೋ ಬೋರ್ಡ್ ತಂದೆ, 3,500 ಹತ್ರ ಆಯ್ತು ಅನ್ಸುತ್ತೆ. ಇಂಗ್ಲಿಷ್ ಚೆನ್ನಾಗಿ ಓಡುತ್ತೆ, ಕನ್ನಡ ಹಾಕಿದ್ರೆ ಒತ್ತಕ್ಷರ ಎಲ್ಲಾ ಬಿಚ್ಕೊಂಡು ಪಕ್ಕಕ್ಕೆ ಬಂದು ನಿಂತ್ಕೊಳ್ಳುತ್ತೆ. "ಹಕ್ಕಿ" ಅಂತ ಹಾಕಿದ್ರೆ "ಹಕ್‌ಕಿ" ಅಂತ ಓಡ್ತಿತ್ತು. ಜನ ದೂರದಿಂದ ನೋಡಿ ಏನೋ ಡಿಸ್ಕೌಂಟ್ ಇದೆ ಅಂದ್ಕೊಂಡು ಒಳಗೆ ಬಂದು, ಇಲ್ಲ ಅಂದ್ರೆ ಮುಖ ಸಿಂಡರಿಸ್ಕೊಂಡು ಹೋಗೋರು. ನಮ್ಮ ಮನೆಯವಳು "ಈ ದುಡ್ಡಲ್ಲಿ ಒಂದು ಟೋನರ್ ಬರ್ತಿತ್ತಲ್ರೀ" ಅಂದ್ಲು, ಅದು ನಿಜವೇ.

ಮೂರನೇದು ಫೋಟೋ. ಕುಕ್ಕರಹಳ್ಳಿ ಕೆರೆ ಇಲ್ಲೇ ಹತ್ರ, ಕುವೆಂಪು ಅಡ್ಡಾಡ್ತಿದ್ದ ಕೆರೆ ಅಲ್ವಾ, ನನಗೂ ಏನಾದ್ರೂ ಸ್ಫೂರ್ತಿ ಸಿಗಬಹುದು ಅಂತ ಆರು ಗಂಟೆಗೇ ಹೋಗಿ ಏರಿ ಮೇಲೆ ನಿಂತ್ಕೊಂಡು ಸೂರ್ಯೋದಯ, ಹೆಜ್ಜಾರ್ಲೆ ಹಕ್ಕಿ, ನೀರಲ್ಲಿ ಮರದ ನೆರಳು ಅಂತ ತೆಗೆದು ತೆಗೆದು ಕಲರ್ ಪ್ರಿಂಟ್ ಹಾಕಿ ಗಾಜಿಗೆ ಅಂಟಿಸಿದೆ. ಇಂಕಿಗೇ 1,500 ಹೋಯ್ತು. ಬಂದೋರು ಕೇಳಿದ್ದು ಒಂದೇ ಪ್ರಶ್ನೆ, "ಕಲರ್ ಪ್ರಿಂಟ್ ಎಷ್ಟು?" ಪಕ್ಕದ ಮೆಡಿಕಲ್ ಸ್ಟೋರಿನವರಂತೂ "ಏನ್ ಸಾರ್, ಟ್ರಾವೆಲ್ ಏಜೆನ್ಸಿ ಶುರು ಮಾಡಿದ್ರಾ" ಅಂತ ನಕ್ರು. ಕೆರೆ ತಪ್ಪಲ್ಲ. ಅಲ್ಲಿ ಎಲ್ಲಾರೂ ಅದನ್ನೇ ತೆಗೀತಾರೆ, ನಾನೂ ಅದನ್ನೇ ತೆಗೆದೆ.

ಕೊನೆಗೆ ಪ್ಲೈವುಡ್‌ಗೆ ಕಪ್ಪು ಬಣ್ಣ ಹೊಡೆಸಿ, ಎಲ್ಲಾ ಸೇರಿ 900 ಆಯ್ತು, ರಸ್ತೆ ಕಡೆ ಮುಖ ಮಾಡಿ ನಿಲ್ಲಿಸಿದೆ. ಸ್ಕೂಟರಲ್ಲಿ ಹೋಗೋನು ಯಾವನು ಓದ್ತಾನೆ ಹೇಳಿ. ಮೊದಲ ಮಳೆಗೇ ಪ್ಲೈವುಡ್ ಊದ್ಕೊಂಡು ಪೂರಿ ಥರ ಆಯ್ತು. ಬೈಕೊಂಡು ಒಳಗೆ ತಂದು ಮೆಷಿನ್ ಪಕ್ಕ ಗೋಡೆಗೆ ಒರಗಿಸಿಟ್ಟೆ, ಒಣಗಲಿ ಅಂತ.

ಆವತ್ತು ಬೆಳಿಗ್ಗೆ ಬರೆದಿದ್ದು ಮಾತ್ರ ಅರ್ಧಂಬರ್ಧ ಉಳ್ಕೊಂಡಿತ್ತು. ನಮ್ಮ ಹಿಂದಿನ ಕ್ರಾಸಲ್ಲಿ ಒಬ್ರು ಅಜ್ಜಿ ರಂಗೋಲಿ ಹಾಕೋವಾಗ ಬಾಗಿಲ ಮುಂದೆ ಯಾರೋ ಸ್ಕೂಟರ್ ನಿಲ್ಲಿಸಿದ್ರು, ಅಜ್ಜಿ ಕೂಗಾಡ್ಲಿಲ್ಲ, ಚಕ್ರದ ಸುತ್ತ ಎಳೆ ತಿರುಗಿಸಿ ಮುಗಿಸಿದ್ರು. ಸ್ಕೂಟರ್ ಹೋದ್ಮೇಲೆ ಹೂವಿನ ಮಧ್ಯ ಎರಡು ಜಾಗ ಖಾಲಿ, ಅಲ್ಲಿ ಇರುವೆಗಳು. ಇದನ್ನೇ ಬರೆದಿದ್ದೆ. ಒಂದು ಹುಡುಗಿ ಎಂಬತ್ತು ಪೇಜ್ ನೋಟ್ಸ್ ಜೆರಾಕ್ಸ್‌ಗೆ ಕೊಟ್ಟು ಕಾಯ್ತಾ ಇದ್ಲು, ಓದಿದ್ಲು, "ಯಾವ ಮನೆ ಅಂಕಲ್?" ಅಂದ್ಲು. ಹೇಳಿದೆ. ಕಾಪಿ ಇಲ್ಲೇ ಇಟ್ಟು ನೋಡಿಕೊಂಡು ಬಂದ್ಲು ಕಣ್ರೀ!

ಆಗ ಹೊಳೀತು. ಓಡಾಡೋ ಜಾಗದಲ್ಲಿ ಇಡೋದಲ್ಲ, ಕಾಯೋ ಜಾಗದಲ್ಲಿ ಇಡಬೇಕು. ಜೆರಾಕ್ಸ್ ಅಂಗಡಿಯಲ್ಲಿ ಐದು ನಿಮಿಷ ಎಲ್ಲರೂ ಖಾಲಿ ನಿಂತಿರ್ತಾರೆ, ಕರೆಂಟ್ ಹೋದ್ರೆ ಇನ್ನೂ ಒಳ್ಳೇದು. ಈಗ ಬೋರ್ಡ್ ಮೆಷಿನ್ ಪಕ್ಕನೇ ಇದೆ, ಕೌಂಟರ್‌ಗೆ ಮೊಣಕೈ ಊರಿ ನಿಂತೋರ ಕಣ್ಣಿನ ಎತ್ತರಕ್ಕೆ. ಒಂದು ದಿನ ಕೂತು ಎಣಿಸಿದೆ, ಮೂವತ್ತು ಜನದ ಮೇಲೇ ಓದಿದ್ರು, ಏಳೆಂಟು ಜನ ಮಾತಾಡಿಸಿದ್ರು. ಇಬ್ರು ಗಿರಾಕಿಗಳು ಮೂರು ಅಂಗಡಿ ದಾಟಿ ನನ್ನ ಹತ್ರ ಸ್ಪೈರಲ್ ಬೈಂಡಿಂಗ್‌ಗೆ ಬರ್ತಾರೆ, ಅದು ಬೋರ್ಡಿಗೇ ಬರೋದು ಅಂತ ನಾನು ಎದೆ ತಟ್ಟಿ ಹೇಳ್ತೀನಿ.

ಬರೆಯೋಕೆ ಏನು ಸಿಗುತ್ತೆ ಅಂತ ಕೇಳ್ತಾರೆ. ಅಂಗಡಿ ತೆಗೆಯೋ ಮುಂಚೆ ಇಪ್ಪತ್ತು ನಿಮಿಷ ನಡೀತೀನಿ, ದಿನಾ ಅದೇ ರಸ್ತೆ. ಹೊಸ ರಸ್ತೆಗೆ ಹೋದ್ರೆ ಎಲ್ಲಾ ಹೊಸದೇ, ಯಾವುದು ಬದಲಾಯ್ತು ಅಂತ ಗೊತ್ತಾಗಲ್ಲ. ಫೋನ್ ಮನೇಲೇ. ಜೇಬಲ್ಲಿ ಹಾಳಾದ ಜೆರಾಕ್ಸ್ ಪೇಪರಿನ ಹಿಂಬದಿ ಚೂರು, ಒಂದು ಪೆನ್ಸಿಲ್. "ಸುಂದರ", "ಮನೋಹರ" ಎರಡೂ ಬ್ಯಾನ್. ಬರೆದಿದ್ರಲ್ಲಿ ಎಷ್ಟು ಅನ್ನೋ ಒಂದು ಲೆಕ್ಕ ಇರಬೇಕು, ಒಂದು ಕೆಲಸ ನಡೀತಿರಬೇಕು. ಏಪ್ರಿಲಲ್ಲಿ "ಹೊಂಗೆ ಹೂವು ಎಷ್ಟು ಚೆಂದ" ಅಂತ ಬರೆದ ದಿನ ಒಬ್ರೂ ತಿರುಗಿ ನೋಡ್ಲಿಲ್ಲ. ಮಾರನೇ ದಿನ "ಹೊಂಗೆ ಮರದ ಕೆಳಗೆ ಕಡ್ಲೆಪುರಿ ಚೆಲ್ಲಿದ ಹಾಗೆ ಹೂವು, ಪೌರಕಾರ್ಮಿಕರೊಬ್ರು ಗುಡಿಸಿ ರಾಶಿ ಹಾಕಿದ್ರು, ತಿರುಗಿ ನೋಡೋಷ್ಟರಲ್ಲಿ ಪೊರಕೆ ಮೇಲೇ ನಾಲ್ಕು" ಅಂತ ಬರೆದೆ, ಮಧ್ಯಾಹ್ನದವರೆಗೂ ಅದೇ ಮಾತು.

ಚಾಕ್‌ಪೀಸ್ ಬಗ್ಗೆ ಒಂದು ಮಾತು. ಬರೆಯೋ ಮುಂಚೆ ನೀರಲ್ಲಿ ಅದ್ದಿ, ಅಕ್ಷರ ದಪ್ಪ ಬರುತ್ತೆ, ತೋಳು ತಾಗಿದ್ರೂ ಬೇಗ ಅಳಿಸಲ್ಲ. ಸಕ್ಕರೆ ನೀರು ಎಲ್ಲರಿಗೂ ಗೊತ್ತಿದೆ, ಇರುವೆ ಬರುತ್ತೆ. ನಾನು ಬೇರೆ ಒಂದು ಹಾಕ್ತೀನಿ, ಅಡುಗೆಮನೇದೇ, ಏನು ಅಂತ ಮಾತ್ರ ಹೇಳಲ್ಲ. ಬೆಳಿಗ್ಗೆ ಏನೂ ಕಾಣಿಸದ ದಿನ ಎಲ್ಲಿಗೆ ಹೋಗಿ ನಿಂತ್ಕೋತೀನಿ ಅನ್ನೋದನ್ನೂ ಹೇಳಲ್ಲ, ಅಲ್ಲಿ ಜನ ಜಾಸ್ತಿ ಆದ್ರೆ ನನಗೆ ಕಷ್ಟ.

ಮಧ್ಯೆ ಒಂದು ವಾರ ಬರೀ ವಾಸನೆ ಬರೆದೆ. ಸೋಮವಾರ ಒಗ್ಗರಣೆ, ಮಂಗಳವಾರ ಒಗ್ಗರಣೆ, ಬುಧವಾರ ಮೋರಿ. ಬಿಟ್ಟೆ. ಇನ್ನೊಂದ್ಸಲ 50 ಪೈಸೆ ಪೋಸ್ಟ್‌ಕಾರ್ಡ್ ಇಪ್ಪತ್ತು ತಂದು, ಹತ್ತೇ ರೂಪಾಯಿ ನೋಡಿ, ನೆಂಟರಿಗೆಲ್ಲಾ ಒಂದೊಂದು ನೋಟ ಬರೆದು ಹಾಕಿದೆ. ಅಂಗಳದಲ್ಲಿ ಉದುರಿದ ಪಾರಿಜಾತ ಮಕಾಡೆ ಬಿದ್ದಿರುತ್ತೆ, ಕೇಸರಿ ತೊಟ್ಟು ಮೇಲೆ, ಅಂತ ಚಿಕ್ಕಮ್ಮನಿಗೆ ಬರೆದಿದ್ದೆ. ಅವರು ಗಾಬರಿಯಾಗಿ ಫೋನ್ ಮಾಡಿ "ಏನೋ ಮಗಾ, ದುಡ್ಡೇನಾದ್ರೂ ಬೇಕಿತ್ತಾ?" ಅಂದ್ರು.

ಈಗ ಖರ್ಚು ಅಂದ್ರೆ ತಿಂಗಳಿಗೆ ಒಂದು ಡಬ್ಬ ಚಾಕ್‌ಪೀಸ್, 70-80 ರೂಪಾಯಿ ಇರಬೇಕು. ಬೋರ್ಡಿನ ಕೆಳಗೆ ಒಂದು ಗೇಣು ಜಾಗ ಖಾಲಿ ಬಿಡ್ತೀನಿ, ಗಿರಾಕಿಗಳಿಗೆ. ಹಾಲಿನ ಹುಡುಗ ವಾರಕ್ಕೊಂದ್ಸಲ ಬರೀತಾನೆ, ನನಗಿಂತ ಚೆನ್ನಾಗಿ ಬರೀತಾನೆ, ಅವನ ಮುಂದೆ ಹೇಳಿಲ್ಲ. ಮೆಡಿಕಲ್ ಸ್ಟೋರಿನವರು ಆ ಊದ್ಕೊಂಡಿರೋ ಪ್ಲೈವುಡ್ ಬೋರ್ಡ್ ಕೊಡ್ತೀರಾ ಅಂತ ಮೊನ್ನೆ ಕೇಳಿದ್ರು, ಅವರಲ್ಲೂ ಜನ ಕಾಯ್ತಾರಲ್ಲ. ಈಗಿರೋದು ಹೊಸ ಬೋರ್ಡ್, ಹಳೇದು ಅಟ್ಟದ ಮೇಲೆ ಸುಮ್ನೇ ಬಿದ್ದಿದೆ. 200 ಅಂದಿದೀನಿ, 150ಕ್ಕೆ ಕೇಳ್ತಿದಾರೆ.