ಕಂತಿನಲ್ಲಿ ಪೈಲಟ್ ಆದ ಕಥೆ

ನನಗೆ ‘ಕಂತಿನ ಪೈಲಟ್’ ಅಂತ ಹೆಸರಿಟ್ಟಿದ್ದು ದೊಡ್ಡಪ್ಪ. ಅಡಿಕೆ ಬಂದ ವರ್ಷ ಹಾರುತ್ತಾನೆ, ಕೊಳೆರೋಗ ಬಂದ ವರ್ಷ ತೋಟಕ್ಕೆ ಇಳಿಯುತ್ತಾನೆ ಅನ್ನುವುದು ಅವರ ತಮಾಷೆ. ಕಳೆದ ತಿಂಗಳು ಏರ್‌ಲೈನ್‌ನಿಂದ ಕೆಲಸದ ಪತ್ರ ಬಂತು. ಅದೇ ದೊಡ್ಡಪ್ಪ ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ‘ನಮ್ಮ ಹುಡುಗ’ ಅಂತ ಹೇಳಿಕೊಂಡು ಬಂದರಂತೆ. ಇರಲಿ.

ಯುರೋಪಿನಲ್ಲಿ ಹೀಗೆ ಕಂತು ಕಂತಾಗಿ ಪೈಲಟ್ ಆಗುವ ದಾರಿಗೆ ಮಾಡ್ಯುಲರ್ ಅಂತ ಹೆಸರೇ ಇದೆ. ಪಿಪಿಎಲ್ (ಖಾಸಗಿ ಪೈಲಟ್ ಲೈಸೆನ್ಸ್) ಒಂದು ಕಡೆ, 13 ಪರೀಕ್ಷೆಯ ಪೇಪರ್ ಇನ್ನೊಂದು ಕಡೆ, ಹಾರಾಟದ ಗಂಟೆ ಕೂಡಿಸುವುದು ಮತ್ತೊಂದು ಕಡೆ, ಕೊನೆಗೆ ಸಿಪಿಎಲ್ (ಕೆಲಸಕ್ಕೆ ಬೇಕಾದ ಕಮರ್ಷಿಯಲ್ ಲೈಸೆನ್ಸ್), ಮಲ್ಟಿ (ಒಂದಕ್ಕಿಂತ ಹೆಚ್ಚು ಎಂಜಿನ್ನಿನ ವಿಮಾನ), ಐಆರ್ (ಹೊರಗೆ ಕಾಣದಿದ್ದಾಗ ಉಪಕರಣ ನೋಡಿ ಹಾರುವ ಅರ್ಹತೆ). ದುಡ್ಡು ಸೇರಿದ ಹಾಗೆ ಮುಂದೆ ಹೋಗುವುದು. ನಾನು ಇಲ್ಲಿ ಅದನ್ನೇ ಮಾಡುತ್ತೇನೆ ಅಂದಾಗ ವಿಷಯ ಗೊತ್ತಿದ್ದವರೂ ಗೊತ್ತಿಲ್ಲದವರೂ ಒಂದೇ ಮಾತು ಹೇಳಿದರು: ಹೀಗೆ ಚೂರು ಚೂರು ಮಾಡಿದವನ ಅರ್ಜಿಯನ್ನು ಯಾವ ಏರ್‌ಲೈನೂ ಮುಟ್ಟಲ್ಲ, ಸಾಲ ಮಾಡಿಯಾದರೂ ಎಲ್ಲ ಒಟ್ಟಿಗೆ ಕಲಿಸುವ ಏರ್‌ಲೈನಿನ ಕೆಡೆಟ್ ಪ್ರೋಗ್ರಾಂ ಸೇರು. ಕೆಡೆಟ್‌ಗೆ ಆಗ ಒಂದು ಕೋಟಿ ಹತ್ತಿರ ಬೇಕಿತ್ತು. ನಮ್ಮದು ಮೂರು ಎಕರೆ ತೋಟ. ಲೆಕ್ಕ ಅಲ್ಲಿಗೇ ಮುಗಿಯಿತು.

ಶುರು ಮಾಡಿದ್ದು 2019ರ ಏಪ್ರಿಲ್‌ನಲ್ಲಿ. ಸರಿಯಾಗಿ ಜೆಟ್ ಏರ್‌ವೇಸ್ ಹಾರಾಟ ನಿಲ್ಲಿಸಿದ ತಿಂಗಳು. ಅಪ್ಪಯ್ಯ ಪೇಪರ್ ಮಡಚಿ ಜಗಲಿಯ ಮೇಲಿಟ್ಟು, ‘ಇರೋ ಪೈಲಟ್‌ಗಳೇ ಬೀದೀಲಿದ್ದಾರೆ, ನೀ ಹೋಗಿ ಎಂತ ಮಾಡ್ತಿ ಮಾರಾಯ?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಪುಸ್ತಕ ಮಾತ್ರ ಇತ್ತು.

ಪರೀಕ್ಷೆಯ ಪೇಪರ್‌ಗಳಿಗೆ ಮನೆಯಲ್ಲೇ ಓದಿದೆ. ರಾತ್ರಿ ಅಡಿಕೆ ಸುಲಿಯುವ ಜಗಲಿಯ ದೀಪವೇ ನನ್ನ ದೀಪ. ಒಂದು ಕಡೆ ಮೆಟ್ಟುಗತ್ತಿಯ ಟಕ್ ಟಕ್, ಇನ್ನೊಂದು ಕಡೆ ನಾನು ನ್ಯಾವಿಗೇಷನ್ ಕಂಪ್ಯೂಟರ್ (ದಾರಿ ಲೆಕ್ಕ ಹಾಕುವ ದುಂಡನೆಯ ತಿರುಗು ಪಟ್ಟಿ) ತಿರುಗಿಸುತ್ತಾ ಕೂತಿರುತ್ತಿದ್ದೆ. ನ್ಯಾವಿಗೇಷನ್, ಟೆಕ್ನಿಕಲ್ ಎರಡೂ ಮೊದಲ ಸಲಕ್ಕೇ ಆದವು. ರೆಗ್ಯುಲೇಷನ್ಸ್‌ನಲ್ಲಿ 68 ಬಂತು. ಪಾಸಾಗಲು 70 ಬೇಕು. ಸುಲಭ ಅಂತ ಹಗುರ ಮಾಡಿದ್ದಕ್ಕೆ ಬಿದ್ದ ಪೆಟ್ಟು ಅದು.

ಮೀಟಿಯರಾಲಜಿ ಬಗ್ಗೆ ಸ್ವಲ್ಪ ಜಂಬ ಕೊಚ್ಚಿಕೊಳ್ಳುತ್ತೇನೆ. ಗಾಳಿ ಗುಡ್ಡಕ್ಕೆ ಬಡಿದು ಮೇಲೇರಿ ಮಳೆ ಸುರಿಸುವುದನ್ನು ಬೇರೆಯವರು ಚಿತ್ರದಲ್ಲಿ ನೋಡುತ್ತಾರೆ, ನಾವು ಅಂಗಳದಲ್ಲಿ ನೋಡುತ್ತೇವೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ, ಘಟ್ಟದಿಂದ ಒಳಗಿರುವ ಶಿವಮೊಗ್ಗದಲ್ಲಿ ಅದರ ಕಾಲು ಭಾಗವೂ ಇಲ್ಲ. ಒಂದು ಮಳೆಗಾಲ ಪೂರ್ತಿ ನಾನು ಬಾಟಲಿ ಕತ್ತರಿಸಿ ಮಳೆ ಅಳೆದೆ. ಶಿವಮೊಗ್ಗದಲ್ಲಿದ್ದ ಭಾವ ಅವರ ಟೆರೇಸಿನಿಂದ ಅಳತೆ ಕಳಿಸುತ್ತಿದ್ದರು. ಗಾಳಿಯ ದಿಕ್ಕು ನೋಡಿ ನಾಳೆಯ ಮಳೆ ಹೇಳುವ ಪ್ರಯೋಗ. ಹತ್ತರಲ್ಲಿ ಆರು ಸಲ ಸರಿಹೋಗುತ್ತಿತ್ತು. ಅಪ್ಪಯ್ಯ ಏನೂ ಬರೆದಿಡದೆ ಏಳು ಸಲ ಸರಿ ಹೇಳುತ್ತಿದ್ದರು, ಅದು ಬೇರೆ ಮಾತು. ಪೇಪರ್‌ನಲ್ಲಿ 86 ಬಂತು.

ನನ್ನನ್ನು ನಿಜವಾಗಿ ಅಳಿಸಿದ್ದು ಆರ್‌ಟಿಆರ್, ಅಂದರೆ ರೇಡಿಯೋದಲ್ಲಿ ಮಾತಾಡುವ ಪರೀಕ್ಷೆ. ಎರಡು ಸಲ ಫೇಲ್. ಬಾಯಿ ಬರುತ್ತಿರಲಿಲ್ಲ ಅಷ್ಟೆ. ಆಮೇಲೆ ಅಕ್ಕ ಅಡುಗೆಮನೆಯಲ್ಲಿ ಕಂಟ್ರೋಲರ್ ಆದಳು. ನಾನು ಹಿತ್ತಲಿನಲ್ಲಿ ನಿಂತು ಫೋನಿನಲ್ಲಿ ಟ್ಯಾಕ್ಸಿ ಕ್ಲಿಯರೆನ್ಸ್ ಕೇಳುವುದು, ಅವಳು ದೋಸೆ ಮಗುಚುತ್ತಾ ನಾನು ಬರೆದುಕೊಟ್ಟ ಚೀಟಿ ಓದುವುದು. ನಡುವೆ ಬೇಕಂತಲೇ ತಪ್ಪು ಕ್ಯೂಎನ್‌ಎಚ್ (ಎತ್ತರದ ಮಾಪಕಕ್ಕೆ ಹಾಕುವ ಗಾಳಿಯ ಒತ್ತಡ) ಕೊಡುತ್ತಿದ್ದಳು. ಮೂರನೇ ಸಲ ಪಾಸಾದೆ. ಅವಳಿಗೆ ಈಗಲೂ ಆಲ್ಫಾ, ಬ್ರಾವೋ ಅನ್ನುವ ಫೊನೆಟಿಕ್ ಅಕ್ಷರಗಳು ನನಗಿಂತ ಚೆನ್ನಾಗಿ ಬರುತ್ತವೆ.

ಹಾರಾಟ ಶುರುವಾಗಿದ್ದು ಕೋವಿಡ್‌ನ ಎರಡನೇ ಅಲೆ ಇಳಿದ ಮೇಲೆ, 2021ರ ಕೊನೆಗೆ. ಮೊದಲ ಸ್ಕೂಲಿನಲ್ಲಿ ಮುಂಗಡ ಅಂತ ನಾಲ್ಕು ಲಕ್ಷದಷ್ಟು ಕಟ್ಟಿಸಿಕೊಂಡರು. ವಿಮಾನ ಇದ್ದದ್ದು ಎರಡು, ಹಾರುತ್ತಿದ್ದದ್ದು ಒಂದು. ತಿಂಗಳಿಗೆ ಆರೇಳು ಗಂಟೆ ಸಿಕ್ಕರೆ ಪುಣ್ಯ. 40 ಗಂಟೆ ಚಿಲ್ಲರೆ ಆದಾಗ ಬಿಟ್ಟು ಹೊರಟೆ. ಉಳಿದ ದುಡ್ಡಿನಲ್ಲಿ ಎರಡೂಕಾಲು ಲಕ್ಷ ಇವತ್ತಿಗೂ ವಾಪಸ್ ಬಂದಿಲ್ಲ. ಆದರೆ ಹೊರಡುವಾಗ ಒಂದು ಕೆಲಸ ಮಾಡಿದೆ. ಪ್ರತಿ ಸಾರ್ಟಿಯ (ಒಂದೊಂದು ಹಾರಾಟದ) ಟ್ರೈನಿಂಗ್ ಶೀಟಿನ ನಕಲು ಮಾಡಿಸಿ, ಸಹಿ, ಸೀಲು ಹಾಕಿಸಿಕೊಂಡೆ. ಮೂರು ದಿನ ಆಫೀಸಿನ ಬಾಗಿಲಲ್ಲಿ ಕೂತೆ. ಬೈದರು, ಕೊಟ್ಟರು. ದುಡ್ಡಿನ ವಿಷಯದಲ್ಲಿ ಜಗಳ ಆಡಿದ್ದರೆ ಆ ಕಾಗದ ಸಿಗುತ್ತಿರಲಿಲ್ಲ.

ಎರಡನೇ ಸ್ಕೂಲು ಬೇರೆ ರಾಜ್ಯದಲ್ಲಿ. ಗಂಟೆಗೆ 14 ಸಾವಿರದ ಹತ್ತಿರ. ಚೆನ್ನಾಗಿಯೇ ನಡೆಯುತ್ತಿತ್ತು. 118 ಗಂಟೆಗೆ ದುಡ್ಡು ಖಾಲಿ. ಆ ವರ್ಷ ನಮ್ಮ ಕಡೆ ಎಲೆಚುಕ್ಕಿ ರೋಗ ಬಂದು ತೋಟ ಹಳದಿ ಹೊಡೆದಿತ್ತು. ಮನೆಗೆ ಬಂದು ಏಳು ತಿಂಗಳು ಕೂತೆ. ಕೂತೆ ಅಂದರೆ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಟ್ಯೂಷನ್, ಬೆಳಿಗ್ಗೆ ತೋಟ, ರಾತ್ರಿ ಸಿಮ್ಯುಲೇಟರ್ ಗೇಮ್.

ಗೇಮಿನ ಕಥೆ ಹೇಳಲೇಬೇಕು. ನಾಲ್ಕು ಸಾವಿರದ ಜಾಯ್‌ಸ್ಟಿಕ್, ಹಳೇ ಡೆಸ್ಕ್‌ಟಾಪ್, ಮಳೆಗಾಲದ ಕರೆಂಟು. ಅಪ್ರೋಚ್‌ನಲ್ಲಿ ಇರುವಾಗಲೇ ಕರೆಂಟು ಹೋಗುತ್ತಿತ್ತು. ಹೋಲ್ಡಿಂಗ್ (ಸರದಿ ಬರುವವರೆಗೆ ಆಕಾಶದಲ್ಲೇ ಸುತ್ತುವುದು), ಇನ್ಸ್‌ಟ್ರುಮೆಂಟ್ ಸ್ಕ್ಯಾನ್‌ಗೆ (ಉಪಕರಣಗಳ ಮೇಲೆ ಕಣ್ಣಾಡಿಸುವುದಕ್ಕೆ) ಬಹಳ ಉಪಯೋಗ ಆಯಿತು. ಕಾಲಿಗೆ ಮಾತ್ರ ದೊಡ್ಡ ಹೊಡೆತ. ಕಾಲಿನ ಪೆಡಲಿನಿಂದ ತಿರುಗಿಸುವ ರಡ್ಡರ್ ಅನ್ನುವುದೇ ಮರೆತುಹೋಗಿತ್ತು. ವಾಪಸ್ ಹೋದ ಮೊದಲ ದಿನ ಸೆಸ್ನಾದಲ್ಲಿ, ವಿಮಾನ ಓರೆಯಾಗಿ ಜಾರುವುದನ್ನು ತೋರಿಸುವ ಬಾಲ್ ಒಂದು ಮೂಲೆ ಸೇರಿತ್ತು. ಇನ್ಸ್‌ಟ್ರಕ್ಟರ್ ನನ್ನ ಮೊಣಕಾಲಿಗೆ ತಟ್ಟಿ, ‘ಇದನ್ನು ಊರಲ್ಲೇ ಬಿಟ್ಟು ಬಂದ್ಯಾ?’ ಅಂತ ಕೇಳಿದರು. ಮತ್ತೆ ಸೋಲೋ (ಒಬ್ಬನೇ ಹಾರಲು) ಬಿಡುವ ಮುಂಚೆ ಇನ್ಸ್‌ಟ್ರಕ್ಟರ್ ಜೊತೆ ಆರು ಗಂಟೆ ಡ್ಯುಯಲ್. ಅಂದರೆ ಏಳು ತಿಂಗಳ ಬಿಡುವಿನ ಬೆಲೆ ಹೆಚ್ಚುಕಡಿಮೆ 85 ಸಾವಿರ.

ಕಂತಿನಲ್ಲಿ ಮಾಡುವವರು ಬೀಳುವ ಗುಂಡಿ ಇಲ್ಲೇ ಇದೆ. ಸಿಪಿಎಲ್‌ಗೆ ಬೇಕಾದ 200 ಗಂಟೆ, 100 ಪಿಐಸಿ (ವಿಮಾನದ ಹೊಣೆ ತಾನೇ ಹೊತ್ತು ಹಾರಿದ ಗಂಟೆ), 300 ನಾಟಿಕಲ್ ಮೈಲಿನ ಕ್ರಾಸ್‌ಕಂಟ್ರಿ (ಊರಿಂದೂರಿಗೆ ಹಾರುವುದು) ಎಲ್ಲರಿಗೂ ಬಾಯಿಪಾಠ. ಆದರೆ ಅರ್ಜಿ ಹಾಕುವ ಹಿಂದಿನ ಆರು ತಿಂಗಳಲ್ಲಿ 15 ಗಂಟೆ ಪಿಐಸಿ ಇರಬೇಕು ಅನ್ನುವುದನ್ನು ದುಡ್ಡಿಲ್ಲದವನು ಮರೆಯುತ್ತಾನೆ. ನಾನೂ ಮರೆತಿದ್ದೆ. ನೆನಪಾದದ್ದು ಮಲ್ಟಿಗೆ ಅಂತ ಮೂರನೇ ಕಡೆ ಹೊರಡುವ ಹಿಂದಿನ ವಾರ. ಪುಣ್ಯಕ್ಕೆ ಸಿಂಗಲ್ ಎಂಜಿನ್ ವಿಮಾನದಲ್ಲಿ ಇನ್ನೂ ಹಾರುವುದು ಬಾಕಿ ಇತ್ತು. ಅದನ್ನು ಕೊನೆಗೆ ಇಟ್ಟುಕೊಂಡೆ. ಗಂಟೆಗಳನ್ನು ಯಾವ ಅನುಕ್ರಮದಲ್ಲಿ ಇಟ್ಟೆ ಅನ್ನುವುದರಲ್ಲಿ ಇನ್ನೊಂದು ಉಪಾಯ ಇದೆ, ಒಂದೂವರೆ ಲಕ್ಷ ಉಳಿಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಇನ್ನು ಹಾರಿದ ಗಂಟೆ ಬರೆದಿಡುವ ಲಾಗ್‌ಬುಕ್. ಮೊದಲ ಸ್ಕೂಲಿನಲ್ಲಿ ಗಂಟೆ-ನಿಮಿಷ ಬರೆಯುತ್ತಿದ್ದರು, ಎರಡನೆಯದರಲ್ಲಿ ದಶಮಾಂಶ. ಒಂದು ಗಂಟೆ 20 ನಿಮಿಷವನ್ನು ನಾನು ಕೆಲವು ಕಡೆ 1.2 ಅಂತ ಕೂಡಿದ್ದೆ. ಅದು 1.3 ಆಗಬೇಕು. ಪುಟದಿಂದ ಪುಟಕ್ಕೆ ತಪ್ಪು ಬೆಳೆಯುತ್ತಾ ಹೋಗಿ ಕೊನೆಗೆ ಎರಡು ಗಂಟೆ ಚಿಲ್ಲರೆ ವ್ಯತ್ಯಾಸ. ಸೊಸೈಟಿಯಲ್ಲಿ ಲೆಕ್ಕ ಬರೆಯುವ ಚಿಕ್ಕಪ್ಪ ಎರಡು ದಿನ ನನ್ನ ಜೊತೆ ಕೂತು ಒಂದೊಂದು ಸಾಲೂ ಕೂಡಿದರು. ವೈಟ್ನರ್ ಮುಟ್ಟಲಿಲ್ಲ. ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ ಅಂಕಿ, ಸಹಿ. ಮೂರು ಸ್ಕೂಲು ತಿರುಗಿದವನ ಲಾಗ್‌ಬುಕ್ಕನ್ನು ಯಾರೇ ಆದರೂ ಜಾಸ್ತಿ ಹೊತ್ತು ನೋಡುತ್ತಾರೆ. ಅಲ್ಲಿ ಕೂಡಿದ್ದು ತಪ್ಪಾದರೆ ಕಳ್ಳತನದ ಹಾಗೆ ಕಾಣುತ್ತದೆ.

ಸಿಪಿಎಲ್ ಕೈಗೆ ಬಂದದ್ದು 2023ರಲ್ಲಿ. ಅದೇ ವರ್ಷ ಮೇ ತಿಂಗಳಲ್ಲಿ ಗೋ ಫಸ್ಟ್ ಏರ್‌ಲೈನ್ ನಿಂತಿತು. ಟೈಪ್ ರೇಟಿಂಗ್ (ಒಂದು ಮಾದರಿಯ ವಿಮಾನ ಓಡಿಸುವ ಅರ್ಹತೆ), ಜೆಟ್ ಅನುಭವ ಎರಡೂ ಇದ್ದವರೇ ಕೆಲಸ ಹುಡುಕುತ್ತಿದ್ದರು. ಆಗಸ್ಟ್ 31ಕ್ಕೆ ನಮ್ಮ ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣಕ್ಕೆ ಬೆಂಗಳೂರಿನಿಂದ ಮೊದಲ ವಿಮಾನ ಬಂತು. ಊರೆಲ್ಲ ಖುಷಿ. ನನಗೆ ಸಿಕ್ಕಿದವರೆಲ್ಲ ‘ಇನ್ನೇನು, ಇಲ್ಲೇ ಓಡಿಸ್ತೀಯಾ?’ ಅಂತ ಕೇಳುವುದು. ನಾನು ಬೇಲಿ ಆಚೆ ನಿಂತು ಎಟಿಆರ್ ವಿಮಾನ ಇಳಿಯುವುದನ್ನು ನೋಡಿ ಟ್ಯೂಷನ್‌ಗೆ ಹೋಗುತ್ತಿದ್ದೆ.

ಮೊದಲ ಅರ್ಜಿಗೆ ಉತ್ತರವೇ ಇಲ್ಲ. ಅದಕ್ಕೆ ನನ್ನ ಮೂರು ಸ್ಕೂಲು ಕಾರಣವೋ, ಆ ಹೊತ್ತಿನ ನೂಕುನುಗ್ಗಲು ಕಾರಣವೋ, ಹೇಳಲಾರೆ. ಎರಡನೆಯದರಲ್ಲಿ ಲಿಖಿತ ಪರೀಕ್ಷೆ ದಾಟಿ ಇಂಟರ್‌ವ್ಯೂವರೆಗೆ ಹೋದೆ. ‘ಮೂರು ಕಡೆ ಯಾಕೆ ಕಲಿತಿರಿ?’ ಅಂತ ಕೇಳಿದರು. ಶುರು ಮಾಡಿದೆ ನೋಡಿ: ಮುಂಗಡ, ಕೆಟ್ಟ ವಿಮಾನ, ಬೈದ ಆಫೀಸಿನವರು, ಎಲೆಚುಕ್ಕಿ. ಹತ್ತು ನಿಮಿಷ. ಎದುರಿಗೆ ಕೂತಿದ್ದ ಮೇಡಂ ಬರೆಯುವುದನ್ನು ನಿಲ್ಲಿಸಿ ಪೆನ್ನಿಗೆ ಮುಚ್ಚಳ ಹಾಕಿದರು. ಆ ಸಣ್ಣ ಸದ್ದು ಕೇಳಿದಾಗಲೇ ಮುಗಿಯಿತು ಅಂತ ಗೊತ್ತಾಯಿತು.

ಬಸ್ಸಿನಲ್ಲಿ ಬರುತ್ತಾ ಯೋಚಿಸಿದೆ. ಅವರ ಚಿಂತೆ ನಾನು ಎಷ್ಟು ಕಡೆ ಕಲಿತೆ ಅನ್ನುವುದಲ್ಲ. ಲೆಕ್ಕ ಹಾಕಿಟ್ಟ ಸಿಮ್ಯುಲೇಟರ್ ಸೆಷನ್‌ಗಳಲ್ಲಿ ಇವನು ಏರ್‌ಲೈನಿನ ಎ320 ಜೆಟ್ ಕಲಿತು ಮುಗಿಸುತ್ತಾನಾ, ಜಾಸ್ತಿ ಸೆಷನ್ ಕೇಳುತ್ತಾನಾ ಅನ್ನುವುದು. ನಡುವೆ ಬಿಟ್ಟವನು, ಪೇಪರ್ ಫೇಲಾದವನು ಅಂದರೆ ಆ ಅನುಮಾನ ಸಹಜ. ಕೆಡೆಟ್ ಮುಗಿಸಿದ ನನ್ನ ಗೆಳೆಯನೊಬ್ಬನಿಗೆ ಇಬ್ಬರು ಕೂತು ಓಡಿಸುವ ಶಿಸ್ತು, ಕಾಲ್‌ಔಟ್ (ಒಬ್ಬರಿಗೊಬ್ಬರು ಕೂಗಿ ಹೇಳುವ ಮಾತು) ಎಲ್ಲ ಬಾಯಲ್ಲೇ ಇತ್ತು. ಕೆಡೆಟ್ ದಾರಿಯ ನಿಜವಾದ ಲಾಭ ಅದು, ಒಪ್ಪಿಕೊಳ್ಳಲೇಬೇಕು. ನಾನು ಅಲ್ಲಿಯವರೆಗೆ ಒಬ್ಬನೇ ಮಾತಾಡಿಕೊಂಡು ಹಾರಿದವನು.

ಸಾಗರದ ಇನ್ನೊಬ್ಬ ಹುಡುಗನ ಜೊತೆ ಸೇರಿ ಬೆಂಗಳೂರಿನಲ್ಲಿ ಎ320 ಸಿಮ್ಯುಲೇಟರ್ ಎಂಟು ಗಂಟೆ ತೆಗೆದುಕೊಂಡೆ. ಗಂಟೆಗೆ ಹತ್ತು-ಹನ್ನೆರಡು ಸಾವಿರ, ಇಬ್ಬರಿಗೆ ಪಾಲು. ಅದಕ್ಕೂ ಮುಂಚೆ ಒಂದು ತಿಂಗಳು ಕಾಕ್‌ಪಿಟ್ ಪೋಸ್ಟರನ್ನು ಜಗಲಿಯ ಗೋಡೆಗೆ ಅಂಟಿಸಿ, ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿ, ಅವನು ಓಡಿಸಿದರೆ ನಾನು ಮಾನಿಟರ್ ಮಾಡುವುದು. ಅಡಿಕೆ ಸುಲಿಯಲು ಬಂದ ಹೆಂಗಸರು ನಕ್ಕು ನಕ್ಕು ಸುಸ್ತಾಗುತ್ತಿದ್ದರು.

ಮತ್ತೆ ಒಂದು ಹಾಳೆ ತಯಾರು ಮಾಡಿದೆ. ಒಂದೇ ಹಾಳೆ. ಯಾವ ಸ್ಕೂಲು, ಯಾವ ತಿಂಗಳಿಂದ ಯಾವ ತಿಂಗಳು, ಎಷ್ಟು ಗಂಟೆ, ಯಾವ ಚೆಕ್ (ಹಾರಾಟದ ಪರೀಕ್ಷೆ) ಎಷ್ಟನೇ ಸಲಕ್ಕೆ ಪಾಸು. ರೆಗ್ಯುಲೇಷನ್ಸ್‌ನ 68 ಮತ್ತು ಆರ್‌ಟಿಆರ್‌ನ ಎರಡು ಫೇಲು ಕೂಡ. ಏಳು ತಿಂಗಳ ಬಿಡುವಿಗೂ ಒಂದು ಸಾಲು. ಕೊನೆಯ ಸಾಲಿನಲ್ಲಿ ಏನಿತ್ತು ಅಂತ ಕೇಳಬೇಡಿ, ಸಾಗರದ ಹುಡುಗ ಇನ್ನೂ ಅರ್ಜಿ ಹಾಕುತ್ತಿದ್ದಾನೆ.

ಮೂರನೇ ಇಂಟರ್‌ವ್ಯೂನಲ್ಲಿ ಅದೇ ಪ್ರಶ್ನೆ. ಹಾಳೆ ಮುಂದಿಟ್ಟು ಹೇಳಿದೆ: ‘ದುಡ್ಡಿರಲಿಲ್ಲ ಸರ್. ವಾಪಸ್ ಬಂದ ಮೇಲೆ ಆರು ಗಂಟೆ ಡ್ಯುಯಲ್ ಬೇಕಾಯಿತು. ಆಮೇಲಿನ ಎಲ್ಲ ಚೆಕ್ ಮೊದಲ ಸಲಕ್ಕೇ ಪಾಸು.’ ಕ್ಯಾಪ್ಟನ್ ಹಾಳೆಯ ಮೇಲೆ ಬೆರಳಿಟ್ಟು ಕೆಳಗಿನವರೆಗೆ ಓದಿದರು. ಆಮೇಲೆ ಒಂದು ಮೆಟಾರ್ (ಸಂಕೇತದಲ್ಲಿ ಬರೆದ ಹವಾಮಾನ ವರದಿ) ಕೊಟ್ಟು ಬಿಡಿಸಿ ಹೇಳು ಅಂದರು. ಸ್ಕೂಲಿನ ಮಾತು ಮತ್ತೆ ಬರಲಿಲ್ಲ.

ಎಲ್ಲ ಸೇರಿ ಖರ್ಚು 42 ಲಕ್ಷದ ಆಸುಪಾಸು, ಹೋದ ಮುಂಗಡವೂ ಸೇರಿ. ಅದರಲ್ಲಿ ಅಕ್ಕನ ಬಂಗಾರ ಇನ್ನೂ ಬ್ಯಾಂಕಿನಲ್ಲೇ ಇದೆ. ಟೈಪ್ ರೇಟಿಂಗ್ ದುಡ್ಡು ಬೇರೆ, ಮೊದಲ ಕಂತು ಬರುವ 15ನೇ ತಾರೀಕಿಗೆ ಕಟ್ಟಬೇಕು. ಈ ವರ್ಷದ ರಾಶಿ ಅಡಿಕೆ ಇನ್ನೂ ಚೀಲದಲ್ಲೇ ಇದೆ. ಅಪ್ಪಯ್ಯ ರೇಟು ಕಾಯುತ್ತಿದ್ದಾರೆ.